ಅಕ್ಕೂರು ರಸ್ತೆಯ ಅಭಿಮಾನಿಗಳು

"ಇವತ್ತೊಂದಿನ ಬಾಯ್ ಮುಚ್ಕೊಂಡು ಸೈಕಲ್ ತುಳೀರಿ. ನಿಮ್ ಕಾಲಿಗ್ ಬೀಳ್ತೀನಿ," ಎಂದು ವರಲಕ್ಷ್ಮಿ ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ನೇತುಹಾಕುತ್ತಾ ಹೇಳಿದಳು.

"ಆಯ್ತು ಕಣೇ, ಹಾಡಕಿಲ್ಲ," ಎಂದ ಬೈರೇಶ.

ಹಾಗೆನ್ನುವಾಗ ಅವನ ಮನಸ್ಸಿನಲ್ಲಿ ಮೋಸವೇನೂ ಇರಲಿಲ್ಲ. ಊರಾಚೆಯ ಹುಣಸೆಮರದವರೆಗೂ ಕೊಟ್ಟ ಮಾತನ್ನು ಉಳಿಸಿಕೊಂಡ. ಮರ ದಾಟಿದ ಮೇಲೆ, ಬರೀ ಕೇಳುವುದಕ್ಕೆ ಏನು ಅಡ್ಡಿ ಎಂದು ಇಯರ್‌ಫೋನನ್ನು ಎರಡೂ ಕಿವಿಗೆ ಸಿಕ್ಕಿಸಿದ. ಕೇಳಿದ ಮೇಲೆ ಗುನುಗದೆ ಇರುವುದು ಹೇಗೆ? ಗುನುಗಿದ ಮೇಲೆ ಇನ್ನೇನು ಉಳಿಯಿತು? ಅಕ್ಕೂರು ಬರುವಷ್ಟರಲ್ಲಿ ಅವನ ಬಾಯಿ ಕೆರೆಯ ತೂಬಿನ ಹಾಗೆ ತೆರೆದುಕೊಂಡಿತ್ತು.

ಹಾಡಿಲ್ಲದೆ ಬೈರೇಶನ ಸೈಕಲ್ ಓಡುತ್ತಿರಲಿಲ್ಲ, ಸೈಕಲ್ಲಿಲ್ಲದೆ ಅವನಿಗೆ ಹಾಡು ಬರುತ್ತಿರಲಿಲ್ಲ. ಕಿವಿಯೊಳಗೆ ದೊಡ್ಡ ದೊಡ್ಡ ಗಾಯಕರು ಹಾಡುವಾಗ ಅವರ ದನಿಯೂ ತನ್ನ ದನಿಯೂ ಹಾಲು ಸಕ್ಕರೆಯಂತೆ ಬೆರೆತಿವೆ ಎಂಬುದು ಅವನ ನಂಬಿಕೆ. ಸಕ್ಕರೆ ತನ್ನ ಕಿವಿಯೊಳಗೇ ಉಳಿದು ಊರಿಗೆ ಬರೀ ಹಾಲು ಕೇಳಿಸುತ್ತದೆ, ಅದೂ ಒಡೆದ ಹಾಲು, ಎಂಬುದು ಪಾಪ ಅವನಿಗೆ ಹೊಳೆದೇ ಇರಲಿಲ್ಲ.

ಈ ಹುಚ್ಚಿನಿಂದಲೇ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದ ಕೆಲಸ ಹೋಗಿತ್ತು. ಕಣ್ಣು ಮುಚ್ಚಿ ಪಲ್ಲವಿ ಎಳೆಯುತ್ತಾ ಮುಚ್ಚಳವಿಲ್ಲದ ಡಬ್ಬಿಗಳನ್ನು ಲಾರಿಗಟ್ಟಲೆ ಸಾಗಹಾಕಿದವನನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಆಮೇಲೆ ಸೋದರಮಾವ ಅವರಿವರ ಕೈಕಾಲು ಹಿಡಿದು, ಚನ್ನಪಟ್ಟಣದ ಬೊಂಬೆ ಕಾರ್ಖಾನೆಯ ರಸೂಲ್ ಸಾಬರಿಗೆ ಫೋನಿನಲ್ಲೇ ಪರಿಚಯ ಮಾಡಿಸಿದ್ದ. ಲೇತ್ ಯಂತ್ರದಲ್ಲಿ ಮರ ಕಡೆಯುವ ಕೆಲಸ ಬೈರೇಶನಿಗೆ ಹುಡುಗಾಟದ ವಯಸ್ಸಿನಿಂದ ಬರುತ್ತಿತ್ತು. ಸಾಬರು ಫೋನಿನಲ್ಲಿ ಎರಡೇ ಮಾತು ಹೇಳಿದ್ದರು. "ಬಾಗ್ಲು ತೆಗೆಯೋ ಹೊತ್ಗೆ ಬಂದು ಕೂತಿರ್ಬೇಕು. ಲೇತ್ ಒಂದೇ ಖಾಲಿ ಇರೋದು, ಇನ್ನೊಬ್ಬ ಹುಡುಗಾನೂ ಕಾಯ್ತವ್ನೆ. ಇನ್ನೊಂದು, ನನ್ ಹತ್ರ ಹಾಡು ಗೀಡು ಇಲ್ಲ. ಉಳಿ ಹಿಡ್ದೋನು ತಲೆ ತೂಗಿದ್ರೆ ಬೊಂಬೆ ಮೂಗು ಹೋಯ್ತದೆ."

ಆ ಒಂದು ಲೇತಿನ ಮುಂದೆ ಕೂರಲಿಕ್ಕೆ ಬೈರೇಶ ಕೆಂಗಲ್ ಆಂಜನೇಯನಿಗೆ ಹರಕೆಯನ್ನೂ ಹೊತ್ತಿದ್ದ. ಹಾಗಾಗಿ ಬೇಗನೆ ಹೊರಟಿದ್ದ, ಹೊತ್ತು ಬೇಕಾದಷ್ಟಿತ್ತು. ನಿಧಾನದ ಹಾಡೊಂದನ್ನು ಹಾಕಿಕೊಂಡು ಅದರ ತಾಳಕ್ಕೆ ಸರಿಯಾಗಿ ಪೆಡಲ್ ತುಳಿದ.

ಅಕ್ಕೂರು ದಾಟಿದ ಮೇಲೆ ರಸ್ತೆಯಲ್ಲಿ ವಿಚಿತ್ರವೊಂದು ಶುರುವಾಯಿತು. ಜನ ಅವನನ್ನು ನೋಡತೊಡಗಿದರು.

ಎಲ್ಲಿ ಹಾಡಿದರೂ ಮುಖ ತಿರುಗಿಸುತ್ತಿದ್ದ ಜನ ಇವತ್ತು ನಿಂತು ನೋಡುತ್ತಿದ್ದರು. ನಲ್ಲಿಯ ಹತ್ತಿರದ ಹೆಂಗಸರು ಬಿಂದಿಗೆ ಇಳಿಸಿ ನಕ್ಕರು. ಎದುರಿಗೆ ಬಂದ ಬಸ್ಸಿನ ಡ್ರೈವರು ನಿಲ್ಲಿಸಿ ತಲೆ ಹೊರಹಾಕಿ ಕೈ ಮುಗಿದ. ಡೇರಿಗೆ ಹಾಲು ಕೊಂಡೊಯ್ಯುತ್ತಿದ್ದ ಕಾವೇರಮ್ಮ ಕ್ಯಾನು ಕೆಳಗಿಟ್ಟು ಎರಡೂ ಕೈ ಎತ್ತಿ ಏನೋ ಕೂಗಿದಳು. "ಲೇ ಬೈರೇಶಾ, ಹಿಂದೆ ನೋಡ್ಲಾ!" ಎಂದು ಆ ಮಹಾತಾಯಿ ಗಂಟಲು ಹರಿದುಕೊಂಡರೆ, ಇವನಿಗೆ ಕಂಡದ್ದು ಬರೀ ಬಾಯಿ ಆಡುವುದು. 'ಇನ್ನೊಂದ್ಸಲ ಹಾಡ್ಲಾ ಅಂತವ್ಳೆ' ಎಂದುಕೊಂಡ. ಇಂಥ ಮೆಚ್ಚುಗೆ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಎದೆ ತುಂಬಿ ಬಂದು, ಕಾವೇರಮ್ಮನಿಗೋಸ್ಕರ ಪಲ್ಲವಿಯನ್ನು ಮತ್ತೊಮ್ಮೆ ಎತ್ತರದ ಶ್ರುತಿಯಲ್ಲಿ ಎತ್ತಿದ.

ಚನ್ನಪಟ್ಟಣದ ಬೀದಿಗೆ ತಿರುಗಿದಾಗ ಹಾಡು ಕಡಿದು ವರಲಕ್ಷ್ಮಿಯ ಫೋನು ಬಂತು. ಅವನು ಸೈಕಲ್ ನಿಲ್ಲಿಸಿ ಕಾಲೂರಿದ.

"ತಲುಪಿದ್ರಾ? ಹಾಡ್ಲಿಲ್ಲ ತಾನೆ?"

"ಇಲ್ಲ ಕಣೇ."

"ಬ್ಯಾ," ಎಂದು ಹಿಂದಿನಿಂದ ಯಾರೋ ಹೇಳಿದರು.

"ಯಾರ್ರೀ ಅದು ಜೊತೇಲಿ?"

ಬೈರೇಶ ತಿರುಗಿ ನೋಡಿದ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕುರಿ. ಕೊಬ್ಬಿದ, ಮಿರಮಿರ ಮಿಂಚುವ ಕುರಿಗಳ ಒಂದು ಹಿಂಡು ಅವನ ಹಿಂದಿನ ಚಕ್ರಕ್ಕೆ ಮೂಗು ತಾಗಿಸಿ ನಿಂತು, ಹಾಡು ಯಾಕೆ ನಿಂತಿತು ಎಂಬಂತೆ ಅವನ ಮುಖವನ್ನೇ ನೋಡುತ್ತಿತ್ತು. ಬೈರೇಶ ಮಾತು ಮುಗಿಸದೆ ಫೋನು ಇಟ್ಟುಬಿಟ್ಟ.

ಮೊದಲು ಅವನು ಮಾಡಿದ ಕೆಲಸ ಓಡಿಹೋಗುವುದು. ಬಾಯಿ ಬಿಗಿಹಿಡಿದು ಜೋರಾಗಿ ಪೆಡಲ್ ತುಳಿದ. ಕುರಿಗಳು ಬರಲಿಲ್ಲ. ಅಲ್ಲೇ ನಡುರಸ್ತೆಯಲ್ಲಿ ನಿಂತು ಒಟ್ಟಾಗಿ ಅರಚಿಕೊಂಡವು. ಆಟೋ, ಟೆಂಪೋ, ಬೈಕು ಎಲ್ಲಾ ನಿಂತು ಹಾರನ್ ಬಾರಿಸತೊಡಗಿದವು.

"ಲೇ ಕುರಿಯೋನೇ! ಎಲ್ಲಿಗ್ಲಾ ಓಡ್ತೀಯಾ? ನಿನ್ ಸಂಸಾರಾನ ಕರ್ಕೊಂಡ್ ಹೋಗ್ಲಾ!"

"ನಮ್ ಕುರಿ ಅಲ್ಲ ಅಣ್ಣಾ!"

"ನಿಂದಲ್ದಿದ್ರೆ ಕದ್ದಿದ್ದಾ?"

ಆ ಮಾತು ಬಿದ್ದದ್ದೇ ಬೈರೇಶ ವಾಪಸ್ ಬಂದ. ಪಕ್ಕದ ಟೀ ಅಂಗಡಿಯಿಂದ ಸುಹೇಲ್ ಎಂಬವನು ಲೋಟ ಒರೆಸುತ್ತಾ ಇಳಿದು ಬಂದ. ಊರಿನಲ್ಲಿ ಎಲ್ಲಿ ಏನು ನಡೆದರೂ ಅದರ ಮೂಲ ಕಂಡುಹಿಡಿಯದೆ ಅವನಿಗೆ ಟೀ ಕುದಿಯುತ್ತಿರಲಿಲ್ಲ.

"ಇವು ಯಾಕೆ ನಿನ್ ಹಿಂದೆ ಬಂದ್ವು? ಕ್ಯಾರಿಯರ್‌ನಲ್ಲಿ ಏನೈತೆ? ಸೊಪ್ಪಾ?"

"ಏನೂ ಇಲ್ಲ ಭಾಯ್."

ಸುಹೇಲ್ ಕ್ಯಾರಿಯರ್ ಮೂಸಿದ. ಊಟದ ಡಬ್ಬಿ ತೆಗೆಸಿ ನೋಡಿದ; ಮುದ್ದೆ, ಉಪ್ಪೆಸರು. ಯಾರೋ ಒಬ್ಬರು ಸೈಕಲ್ಲಿಗೆ ಉಪ್ಪು ಹತ್ತಿರಬೇಕು ಎಂದರು. ಇನ್ನೊಬ್ಬರು ಹೋದ ಜನ್ಮದ ಋಣ ಎಂದರು. ಬೈರೇಶ ಕೊನೆಗೆ ನಾಚಿಕೊಂಡು, "ನಾನು ಒಸಿ ಹಾಡ್ತಾ ಬಂದೆ," ಎಂದು ಒಪ್ಪಿಕೊಂಡ.

"ಹಾಡ್ತಾ? ಎಲ್ಲಿ, ಹಾಡು ನೋಡಾನ!"

ಬೈರೇಶ ಸೈಕಲ್ ಹತ್ತಿ ಒಂದು ಸಾಲು ಹಾಡಿದ. ಕುರಿಗಳೆಲ್ಲಾ ಕಿವಿ ನಿಮಿರಿಸಿ ಮುಂದಕ್ಕೆ ನುಗ್ಗಿದವು. ಜನ ಹೋ ಎಂದರು. ಸುಹೇಲ್ ಬಿಡುವ ಆಸಾಮಿಯಲ್ಲ. ಅದೇ ಹಾಡನ್ನು ತನ್ನ ಫೋನಿನ ಸ್ಪೀಕರಿನಲ್ಲಿ ಹಾಕಿಕೊಂಡು ಸೈಕಲ್ ಹೊಡೆದ. ಕುರಿಗಳು ಹಿಕ್ಕೆ ಹಾಕುತ್ತಾ ನಿಂತವು. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುವವನೊಬ್ಬ ಅಲ್ಲೇ ಟೀ ಕುಡಿಯುತ್ತಿದ್ದ. ಅವನನ್ನೂ ಸೈಕಲ್ ಹತ್ತಿಸಿ ಹಾಡಿಸಿದರು. ಜೇನು ಸುರಿದಂತೆ ಹಾಡಿದ. ಜನ ತಲೆದೂಗಿದರು, ಕುರಿ ಒಂದೂ ಕದಲಲಿಲ್ಲ. ಮತ್ತೆ ಬೈರೇಶ ಬಾಯಿ ತೆರೆದ. ಹಿಂಡು ಹೊರಟಿತು.

"ಏನೋ ಐತೆ ಕಣಪ್ಪಾ ನಿನ್ ಗಂಟ್ಲಲ್ಲಿ," ಎಂದ ಸುಹೇಲ್, ನಿಜವಾದ ಬೆರಗಿನಿಂದ.

ಕಳ್ಳನೆನ್ನಿಸಿಕೊಳ್ಳುವ ಭಯವಿದ್ದರೂ ಬೈರೇಶನಿಗೆ ಆ ಮಾತು ಒಳಗೆಲ್ಲೋ ತಂಪಾಗಿ ಇಳಿಯಿತು. ಆರ್ಕೆಸ್ಟ್ರಾದವನ ಕಡೆ ಒಂದು ಕನಿಕರದ ನೋಟ ಬೀರಿದ. ಆಮೇಲೆ ರಸೂಲ್ ಸಾಬರ ಕಾರ್ಖಾನೆ ಎಲ್ಲಿ ಎಂದು ಕೇಳಿದ.

"ಇದೇ ಪಕ್ಕದ್ದು. ನೀನೇನಾ ಲೇತ್‌ಗೆ ಬರೋನು? ಸಾಬ್ರು ಆಗ್ಲೇ ಏನೋ ಫೋನ್ ಬಂದು ಅರ್ಜೆಂಟಾಗಿ ಕೆರೆ ಏರಿ ಕಡೆ ಸ್ಕೂಟರ್‌ನಲ್ಲಿ ಹೋದ್ರು. ಬಂದೋನ್ನ ಕೂರ್ಸು ಅಂದವ್ರೆ. ಕೂತ್ಕೋ."

ಇನ್ನೊಬ್ಬ ಹುಡುಗ ಆಗಲೇ ಬಾಗಿಲಲ್ಲಿ ನಿಂತು ಇವನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದ. ಒಳಗೆ ಲೇತ್ ಕಾಣುತ್ತಿತ್ತು, ಅರಗಿನ ಘಮ ಬರುತ್ತಿತ್ತು. ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ಬೈರೇಶನ ಬಾಳು ನೇರವಾಗುತ್ತಿತ್ತು. ಅಷ್ಟರಲ್ಲಿ ಕುರಿಗಳು ಅವನಿಗಿಂತ ಮುಂಚೆ ಪಕ್ಕದ ಮನೆಯ ಕಾಂಪೌಂಡಿಗೆ ನುಗ್ಗಿದವು. ಅದು ಸಾಬರ ಮನೆಯೇ. ಅಂಗಳದಲ್ಲಿ ಚಪ್ಪರದ ಗಳ ನೆಡುತ್ತಿದ್ದರು. ಸಾಬರ ಹೆಂಡತಿ ರಹೀಮಾ ಹೊರಗೆ ಬಂದವರು ಒಂಚೂರೂ ಬೈಯಲಿಲ್ಲ. ತಾವೇ ಗೇಟು ಹಾಕಿಸಿ, ದೊಡ್ಡ ಬೋಸಿಯಲ್ಲಿ ನೀರು ತಂದಿಟ್ಟರು.

'ಎಂಥಾ ದೊಡ್ಡ ಮನಸ್ಸು!' ಎಂದುಕೊಂಡ ಬೈರೇಶ.

"ಬಿಡಪ್ಪಾ, ಇಲ್ಲೇ ಇರ್ಲಿ. ನೀನ್ ಹೋಗಿ ಟೀ ಕುಡಿ," ಎಂದರು ಆಕೆ.

"ಬ್ಯಾಡಿ ಅಮ್ಮಾ. ಇವು ಬೇರೇರ ಕುರಿ."

"ನಮ್ಮನೇಗೇ ಅಲ್ವಾ ಬಂದಿದ್ದು?"

"ಅಲ್ಲ ಅಮ್ಮಾ, ದಾರಿ ತಪ್ಪಿ ಬಂದವೆ. ಆಣೆಗೂ ನಿಮ್ಮವಲ್ಲ," ಎಂದು ಬೈರೇಶ ಅಡ್ಡಡ್ಡ ತಲೆಯಾಡಿಸಿದ. ಸಾಬರು ವಾಪಸ್ ಬಂದಾಗ ಅಂಗಳದಲ್ಲಿ ಕದ್ದ ಕುರಿ ಕಂಡರೆ ಲೇತ್ ಇರಲಿ, ಲಾಠಿ ಸಿಕ್ಕೀತು. ಅವರು ಬರುವುದರೊಳಗೆ ಒಡೆಯನಿಗೆ ಒಪ್ಪಿಸಿ ಬಂದು ಕೂರುವುದೇ ಮರ್ಯಾದಸ್ಥರ ದಾರಿ. ನೀರು ಕುಡಿಯುತ್ತಿದ್ದ ಕುರಿಗಳನ್ನು ಎಬ್ಬಿಸಿ, ಗೇಟು ತೆಗೆದು, ಸೈಕಲ್ ಹತ್ತಿ ಹಾಡಿದ. ರಹೀಮಾ ಕೈಯಲ್ಲಿ ಚೊಂಬು ಹಿಡಿದು ನೋಡುತ್ತಲೇ ಇದ್ದರು.

ಬರುವಾಗ ಸಂತೋಷಕ್ಕೆ ಹಾಡಿದ್ದು ಈಗ ಕೂಲಿಯಾಯಿತು. ನಿಲ್ಲಿಸಿದರೆ ಕುರಿ ನಿಲ್ಲುತ್ತವೆ. ಬಿಸಿಲು ಏರಿತು. ಪ್ರೇಮಗೀತೆ ಮುಗಿದು ಭಕ್ತಿಗೀತೆ ಬಂತು, ಅದೂ ಮುಗಿದು ಸೋಬಾನೆ ಪದ ಬಂತು, ಕೊನೆಗೆ ಒಂದನೇ ಕ್ಲಾಸಿನ ಮಗ್ಗಿಯನ್ನೇ ರಾಗವಾಗಿ ಹಾಡಿದ. ಕಾವೇರಮ್ಮ ಖಾಲಿ ಕ್ಯಾನು ಹಿಡಿದು ಎದುರಾದಳು.

"ಆಗ್ಲೇ ಕೂಗ್ಕೊಂಡ್ನಲ್ಲೋ, ಕೇಳ್ಲಿಲ್ವಾ? ಅಪ್ಪಾಜಿ ಕುರಿ ಕಣ್ಲಾ ಅವು! ಅಕ್ಕೂರು ಗೇಟ್ ಹತ್ರ ಮನೆ. ಹೋಗು, ಹೋಗು, ಕಾಯ್ತಾ ಕೂತವ್ನೆ!"

ಕಾಯುತ್ತಿರುವುದು ದೊಣ್ಣೆ ಹಿಡಿದೋ ಹೇಗೋ ಎಂದು ಕೇಳುವ ಧೈರ್ಯ ಬೈರೇಶನಿಗೆ ಆಗಲಿಲ್ಲ.

ಅಪ್ಪಾಜಿಯ ಜಗಲಿಯ ಮೇಲೆ ಇಬ್ಬರು ಕೂತಿದ್ದರು. ಕೊರಳಿಗೆ ಟವೆಲು ಸುತ್ತಿ ಮೆಣಸಿನ ಕಷಾಯ ಕುಡಿಯುತ್ತಿದ್ದವನು ಅಪ್ಪಾಜಿ. ಇನ್ನೊಬ್ಬರು ಟೋಪಿ ಹಾಕಿದ್ದ ಬಿಳಿ ಗಡ್ಡದ ಹಿರಿಯರು. ಬೈರೇಶ ಸೈಕಲ್ ಬಿಸಾಕಿ ಕೈ ಮುಗಿದ. ಗಂಟಲಿನಲ್ಲಿ ಅರ್ಧ ದನಿ ಮಾತ್ರ ಉಳಿದಿತ್ತು.

"ಅಣ್ಣಾ, ನಿಮ್ ಕುರಿ. ಒಂದೂ ಕಮ್ಮಿಯಿಲ್ಲ. ನಾನ್ ಕದ್ದಿಲ್ಲ, ಅವೇ ಬಂದ್ಬುಟ್ವು."

ಅಪ್ಪಾಜಿ ಬಾಯಿ ತೆರೆದ. ಬರೀ ಗಾಳಿ ಬಂತು. ಬಿಳಿ ಗಡ್ಡದವರು ಕೇಳಿದರು. "ಎಲ್ಲಿ ತನ್ಕ ಹೋಗಿದ್ವಪ್ಪಾ?"

"ಚನ್ನಪಟ್ಟಣಕ್ಕೇ ಹೋಗ್ಬುಟ್ಟಿದ್ವು ಸಾಬ್ರೇ. ಬೊಂಬೆ ರಸೂಲ್ ಸಾಬ್ರು ಅಂತವ್ರೆ, ಅವ್ರ ಮನೆ ಕಾಂಪೌಂಡ್ ಒಳೀಕ್ಕೇ ನುಗ್ಗಿದ್ವು. ಆ ತಾಯಿ ಗೇಟು ಹಾಕಿ ನೀರೂ ಇಟ್ರು. ಇರ್ಲಿ ಬುಡು ಅಂದ್ರು. ನಾನ್ ಒಪ್ಲಿಲ್ಲ. ಬೇರೇರ ವಸ್ತು ನಮಗ್ಯಾಕೆ? ನಾನೇ ಗೇಟ್ ತೆಗ್ದು ಎಲ್ಲಾನೂ ಹೊಡ್ಕೊಂಡ್ ಬಂದೆ."

ಹಿರಿಯರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಣೆ ಒತ್ತಿಕೊಂಡರು.

"ನಾನೇ ರಸೂಲ್," ಎಂದರು. "ನನ್ ಮಗ್ಳು ಮದ್ವೆ ಊಟಕ್ಕೆ ಈ ಕುರಿ ತಗೊಂಡು ತಿಂಗ್ಳಾಯ್ತು. ಇವತ್ತು ಮನೇಗೆ ಬರ್ಬೇಕಿತ್ತು. ಬಂದಿದ್ವು."

ಬೈರೇಶ ಕೂತುಬಿಟ್ಟ.

ವಿಷಯ ಇಷ್ಟೇ. ಅಪ್ಪಾಜಿ ಕುರಿ ಹಿಂದೆ ನಡೆಯುವ ಕುರಿಗಾಹಿಯಲ್ಲ. ಮೊಣಕಾಲು ನೋವು ಬಂದಾಗಿನಿಂದ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಸೈಕಲ್ಲಿನಲ್ಲಿ ಮುಂದೆ ಹಾಡುತ್ತಾ ಹೋಗುತ್ತಾನೆ, ಕುರಿಗಳು ಹಿಂದೆ ಬರುತ್ತವೆ. ಇವತ್ತು ಸಾಬರಿಗೆ ಕೊಟ್ಟ ಕುರಿಗಳನ್ನು ಬೇರೆ ಮಾಡಿ ರಸ್ತೆಬದಿಗೆ ನಿಲ್ಲಿಸಿದ. ನೆಗಡಿಯಾಗಿ ಗಂಟಲು ಕಟ್ಟಿತ್ತು, ಹಾಡು ಹೊರಡಲಿಲ್ಲ, ಕುರಿಯೂ ಹೊರಡಲಿಲ್ಲ. ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳಲು ಒಳಗೆ ಹೋಗಿದ್ದಾಗ ಬೈರೇಶನ ಹಾಡು ಕೇಳಿಸಿತು. ಹೊರಗೆ ಬಂದು ನೋಡಿದರೆ ಹಿಂಡು ಸೈಕಲ್ ಹಿಂದೆ ಹೊರಟೇಹೋಗಿದೆ. ಸಾಬರೇ ಯಾರನ್ನೋ ಕಳಿಸಿದ್ದಾರೆಂದು ಖುಷಿಯಾಗಿ ಪಿಸುದನಿಯಲ್ಲೇ ಫೋನು ಮಾಡಿದ. 'ನಾನ್ ಯಾರ್ನೂ ಕಳಿಸಿಲ್ಲ, ಕಳ್ಳ!' ಎಂದು ಸಾಬರು ಕೆರೆ ಏರಿಯ ಅಡ್ಡದಾರಿಯಲ್ಲಿ ಓಡಿ ಬಂದರು.

"ಆರ್ಕೆಸ್ಟ್ರಾದೋನು ಹಾಡಿದ್ರೂ ಬರ್ಲಿಲ್ಲ ಅಣ್ಣಾ, ನಾನ್ ಹಾಡಿದ್ರೇ ಬಂದ್ವು," ಎಂದ ಬೈರೇಶ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

ಅಪ್ಪಾಜಿ ಕಷಾಯ ನುಂಗಿ ಕಷ್ಟಪಟ್ಟು ಪಿಸುಗುಟ್ಟಿದ. "ಚೆನ್ನಾಗಿ ಹಾಡಿದ್ರೆ ಅವಕ್ಕೆ ಗುರ್ತು ಸಿಕ್ಕಕಿಲ್ಲ ಕಣ್ಲಾ. ನನ್ನಂಗೆ ಹಾಡೋನು ಈ ಸೀಮೇಲೇ ಇಲ್ಲ ಅಂತಿದ್ರು. ನಮ್ ಮನೆಯೋಳು ತಿಮ್ಮಮ್ಮ ಬೆಳಿಗ್ಗೆ ನಿನ್ ಹಾಡ್ ಕೇಳಿ, ನನ್ ಕಟ್ಟಿದ ಗಂಟ್ಲು ಬುಡ್ತು ಅಂತ ಕಿವಿಗೆ ಹತ್ತಿ ಇಟ್ಕೊಂಡ್ಲು."

ಬೈರೇಶನಿಗೆ ಕಳ್ಳ ಎಂದಾಗಲೂ ಇಷ್ಟು ನೋವಾಗಿರಲಿಲ್ಲ. ಇಯರ್‌ಫೋನನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಕೇಳಿದ. "ಸಾಬ್ರೇ, ಲೇತು?"

"ಸುಹೇಲ್ ಫೋನ್ ಮಾಡಿ, ಬಂದೋನು ನಿಲ್ದೆ ಹೊರಟೋದ ಅಂದ. ಇನ್ನೊಬ್ಬನ್ನ ಕೂರ್ಸು ಅಂದ್ಬುಟ್ಟೆ. ಕುರಿ ಅಂತ ಏನೋ ಹೇಳಕ್ ಬಂದ, ನಾನೇ ಸಿಟ್ಟಲ್ಲಿ ಫೋನ್ ಇಟ್ಟೆ. ಈಗ ಕೂತೋನ್ನ ಎಬ್ಬಿಸೋಕಾಯ್ತದಾ?" ಸಾಬರು ಎದ್ದು, ಬಿದ್ದಿದ್ದ ಸೈಕಲ್ಲನ್ನು ತಾವೇ ಎತ್ತಿ ನಿಲ್ಲಿಸಿದರು. "ಕುರಿ ಸಂಜೆ ಒಳಗೆ ಮನೇಲಿರ್ಬೇಕು. ಇವು ಟೆಂಪೋ ಹತ್ತಲ್ವಂತೆ. ನನ್ ಭಾವಂದ್ರ ಮನೇಗೂ ಇನ್ನೊಂದು ಹಿಂಡು ಕಳ್ಸು ಅಂತ ಅಪ್ಪಾಜಿಗೆ ಹೇಳೀನಿ. ಮದ್ವೆ ಮುಗಿಯೋ ತನ್ಕ ನಿಂಗೆ ಕೆಲ್ಸ ಐತೆ. ಹತ್ತು. ಹಾಡು."

"ಜೋಪಾನ," ಎಂದು ಅಪ್ಪಾಜಿ ಪಿಸುಗುಟ್ಟಿದ. "ಮಧ್ಯೆ ಎಲ್ಲಾರ ಸುಶ್ರಾವ್ಯವಾಗಿ ಹಾಡ್ಬುಟ್ಟೀಯ, ನಿಂತ್ಬುಡ್ತವೆ."

ಬೈರೇಶ ಸೈಕಲ್ ಹತ್ತಿದ. ಇಯರ್‌ಫೋನ್ ಸಿಕ್ಕಿಸುವಷ್ಟರಲ್ಲಿ ಮತ್ತೆ ವರಲಕ್ಷ್ಮಿಯ ಫೋನು.

"ಏನಾಯ್ತ್ರೀ? ಕೆಲ್ಸ ಸಿಕ್ತಾ?"

"ಸಿಕ್ತು."

"ಅಬ್ಬಾ, ನಮ್ಮಪ್ಪಾ ಆಂಜನೇಯಾ! ಏನ್ ಕೆಲ್ಸ ಕೊಟ್ರು?"

"ಹಾಡೋದು."

 ವರಲಕ್ಷ್ಮಿ ಮೆಲ್ಲಗೆ ಕೇಳಿದಳು. "ನಿಮ್ ಹಾಡಾ? ಯಾರ್ರೀ ಕೇಳೋರು?"

ಬೈರೇಶ ಬಾಯಿ ತೆರೆಯುವುದರೊಳಗೆ, ಹಿಂದೆ ಸಾಲಾಗಿ ನಿಂತಿದ್ದವರೆಲ್ಲಾ ಒಟ್ಟಿಗೆ "ಬ್ಯಾ" ಎಂದರು.