ರೂಮಿನ ಕಂಪ್ಯೂಟರು, ಹಾಲ್‌ನ ಟೀವಿ

ಕೆಟ್ಟ ಯಂತ್ರವನ್ನು ರಿಪೇರಿ ಮಾಡೋದು ಸುಲಭ. ಚೆನ್ನಾಗಿರೋ ಯಂತ್ರದ ಸುತ್ತ ಮನುಷ್ಯರು ಮಾಡಿಕೊಳ್ಳೋ ಎಡವಟ್ಟನ್ನು ರಿಪೇರಿ ಮಾಡೋದೇ ಕಷ್ಟ. ಮತ್ತಿಕೆರೆಯಲ್ಲಿ ಹದಿನೈದು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು ನಾನು. ಒಂದು ಎಡವಟ್ಟು ಮರೆಯೋದರೊಳಗೆ ಇನ್ನೊಂದು ಫೋನ್ ಮಾಡಿ ಕರೆಯುತ್ತಿತ್ತು.

ಅದರಲ್ಲೂ ಎರಡು ಸಾವಿರದ ಹತ್ತು, ಹನ್ನೆರಡರ ಸುಮಾರಿಗೆ ನಮ್ಮ ಕಡೆ ಒಂದು ಹೊಸ ಹುಚ್ಚು ಶುರುವಾಯಿತು. ಮಕ್ಕಳ ಕಾಟ ತಡೆಯಲಾರದೆ ಮನೆಗೆ ವಿಡಿಯೋ ಗೇಮ್ ಪೆಟ್ಟಿಗೆ ತಂದಿರುತ್ತಿದ್ದರು. ಅದು ಹಾಲ್‌ನಲ್ಲಿ ಟೀವಿಗೆ ಅಂಟಿಕೊಂಡಿರುತ್ತಿತ್ತು. ಸಿನಿಮಾ, ಹಾಡು, ಮದುವೆ ವಿಡಿಯೋ ಎಲ್ಲ ಒಳಗೆ ರೂಮಿನ ಕಂಪ್ಯೂಟರಿನಲ್ಲಿ. ಕಂಪ್ಯೂಟರಿಗೆ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿ, ಎರಡನ್ನೂ ಮನೆಯ ವೈಫೈಗೆ ಸೇರಿಸಿದರೆ, ರೂಮಿನಲ್ಲಿದ್ದದ್ದು ಗೇಮ್ ಪೆಟ್ಟಿಗೆಯ ಮೂಲಕ ಹಾಲ್‌ನ ಟೀವಿಯಲ್ಲಿ ಬರುತ್ತಿತ್ತು. ನಡುವೆ ವೈರ್ ಇಲ್ಲ, ಸೀಡಿ ಇಲ್ಲ. ನೋಡಿದವರೆಲ್ಲ ನನ್ನನ್ನು ಮಾಂತ್ರಿಕ ಅಂದುಕೊಂಡರು. ನಾನೂ ಬೇಡ ಅನ್ನಲಿಲ್ಲ.

೧. ಯಾರೂ ಇಲ್ಲದ ರೂಮು

ಯಶವಂತಪುರದ ಹಳೇ ಬಡಾವಣೆಯ ಒಂದು ಮನೆ. ಯಜಮಾನರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಸೊಸೆ ಫೋನ್ ಮಾಡಿದರು.

"ಸರ್, ದಿನಾ ಸಿನಿಮಾ ಅರ್ಧಕ್ಕೇ ನಿಂತೋಗುತ್ತೆ. ಒಂದು ತಿಂಗಳಿಂದ ಒಂದು ಸಿನಿಮಾದ ಕ್ಲೈಮ್ಯಾಕ್ಸೂ ನೋಡಿಲ್ಲ ನಾವು."

ಹೋದೆ. ಸಾಫ್ಟ್‌ವೇರ್ ತೆಗೆದು ಬೇರೆ ಹಾಕಿದೆ. ನಾನಿರೋ ತನಕ ಚೆನ್ನಾಗಿ ಓಡಿತು. ಮರುದಿನ ಮತ್ತೆ ಫೋನು. ಹೋಗಿ ವೈಫೈ ಪೆಟ್ಟಿಗೆಯ ಜಾಗ ಬದಲಾಯಿಸಿದೆ. ಮತ್ತೆ ಫೋನು. ಈ ಸಲ ಯಜಮಾನರೇ ಮಾತಾಡಿದರು. "ಏನ್ರೀ, ಕೆಲಸ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ಸುಮ್ನೆ ಬಂದು ಕಾಫಿ ಕುಡಿದು ಹೋಗ್ತೀರಲ್ಲ!"

ನನಗೂ ಹಟ ಬಂತು. ಮೂರನೇ ಸಲ ಸಂಜೆ ಹೋಗಿ, ಕಾಫಿಯೂ ಬೇಡ ಅಂದು, ಮನೆಯವರ ಜೊತೆ ಸಿನಿಮಾ ನೋಡೋಕೆ ಕೂತೆ. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಯಜಮಾನರು ನೀರು ಕುಡಿಯೋಕೆ ಎದ್ದು ಒಳಗೆ ಹೋದರು. ಪರದೆ ಮೇಲೆ ನಾಯಕಿ ರೈಲು ಹಿಡಿಯೋಕೆ ಓಡುತ್ತಿದ್ದಳು. ರೈಲು ಹೊರಡೋದಕ್ಕೂ ಟೀವಿ ಕಪ್ಪಾಗೋದಕ್ಕೂ ಸರಿಹೋಯಿತು. ಅಷ್ಟರಲ್ಲಿ ಯಜಮಾನರು ಬಾಯಿ ಒರೆಸಿಕೊಂಡು ಬಂದು ಕೂತು, "ನೋಡಿದ್ರಾ? ಈಗ ಕಣ್ಣಾರೆ ನೋಡಿದ್ರಲ್ಲ?" ಅಂದರು.

ರೂಮಿಗೆ ಹೋಗಿ ನೋಡಿದೆ. ಕಂಪ್ಯೂಟರಿನ ಗೋಡೆಯ ಸ್ವಿಚ್ಚೇ ಆಫ್ ಆಗಿತ್ತು.

"ಸರ್, ಇದನ್ನ ಯಾರು ಆಫ್ ಮಾಡಿದ್ದು?"

"ನಾನೇ. ರೂಮಲ್ಲಿ ಒಂದು ನರಪಿಳ್ಳೆ ಇಲ್ಲ, ಕಂಪ್ಯೂಟರ್ ಸುಮ್ನೆ ಉರೀತಾ ಇರುತ್ತೆ. ಈ ಮನೇಲಿ ನಾನೊಬ್ಬ ಇಲ್ದಿದ್ರೆ ಕರೆಂಟು ಏನಾಗ್ತಿತ್ತೋ!"

ನಾನು ನಿಧಾನವಾಗಿ ಬಿಡಿಸಿ ಹೇಳಿದೆ: ಸಿನಿಮಾ ಇಲ್ಲಿಂದಲೇ ಅಲ್ಲಿಗೆ ಹೋಗೋದು, ಇದು ಆಫ್ ಆದರೆ ಅದೂ ಆಫ್. ಯಜಮಾನರು ಯೋಚನೆ ಮಾಡಿದರು. "ಅಂದ್ರೆ ಇದು ಉರೀಲೇಬೇಕು?" "ಉರೀಲೇಬೇಕು ಸರ್." "ಸರಿ. ಆದ್ರೆ ಖಾಲಿ ರೂಮಲ್ಲಿ ಉರೀಬಾರ್ದು."

ಮುಂದಿನ ವಾರ ಸೊಸೆಯ ಫೋನ್ ಬಂತು. "ಸರ್, ಈಗ ಸಿನಿಮಾ ಪೂರ್ತಿ ಬರುತ್ತೆ. ಮಾವ ಮಾತ್ರ ನಮ್ಮ ಜೊತೆ ಕೂರಲ್ಲ. ಕರೆಂಟು ದಂಡ ಆಗ್ಬಾರ್ದು ಅಂತ ರೂಮಲ್ಲಿ ಕಂಪ್ಯೂಟರ್ ಮುಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಹತ್ತು ನಿಮಿಷಕ್ಕೊಂದ್ಸಲ 'ಮುಗೀತೇನಮ್ಮಾ?' ಅಂತ ಕೂಗ್ತಾರೆ."

೨. ತಪ್ಪು ಗುರುತು

ಕೆಲವರಿಗೆ ಫೋನಿನಲ್ಲೇ ಹೇಳಿಕೊಡಬೇಕಾಗುತ್ತಿತ್ತು. ಗೇಮ್ ಪೆಟ್ಟಿಗೆಯ ರಿಮೋಟಿನಲ್ಲಿ ನಾಲ್ಕು ಗುಂಡಿ. ಒಂದರ ಮೇಲೆ ತ್ರಿಕೋನ, ಒಂದರ ಮೇಲೆ ಚೌಕ, ಒಂದರ ಮೇಲೆ ಸೊನ್ನೆ, ಇನ್ನೊಂದರ ಮೇಲೆ ಇಂಟು ಆಕಾರದ ತಪ್ಪು ಗುರುತು. ಬೇಕಾದ್ದನ್ನು ತೆರೆಯೋಕೆ ಒತ್ತಬೇಕಾದದ್ದು ಆ ತಪ್ಪನ್ನೇ.

ಒಬ್ಬರು ಗಣಿತದ ಮೇಡಂ ಇದ್ದರು, ಹೈಸ್ಕೂಲಿನಿಂದ ನಿವೃತ್ತರಾದವರು. ಮೊಮ್ಮಗಳ ನಾಮಕರಣದ ವಿಡಿಯೋ ನೋಡಬೇಕಿತ್ತು. ಟೀವಿ ಮೇಲಿನ ಪಟ್ಟಿಯಲ್ಲಿ ಕೆಳಗೆ ಬಂದು ವಿಡಿಯೋದ ಹೆಸರಿನ ಮೇಲೆ ನಿಂತಿದ್ದಾರೆ.

"ಈಗ ತಪ್ಪು ಒತ್ತಿ ಮೇಡಂ."

"ಯಾಕಪ್ಪಾ? ಸರಿಯಾಗೇ ಬಂದಿದೀನಲ್ಲ?"

"ಸರಿಯಾಗೇ ಬಂದಿದೀರಿ. ಈಗ ತಪ್ಪು ಒತ್ತಬೇಕು."

"ಸರಿಯಾಗಿ ಬಂದ ಮೇಲೆ ತಪ್ಪು ಯಾಕೆ ಒತ್ಲಿ? ಸರಿ ಗುರುತು ಎಲ್ಲಿದೆ ಹೇಳು."

"ಅದರಲ್ಲಿ ಸರಿ ಗುರುತೇ ಇಲ್ಲ ಮೇಡಂ."

"ನೋಡಪ್ಪಾ, ಮೂವತ್ತೆರಡು ವರ್ಷ ಮಕ್ಕಳ ಪುಸ್ತಕಕ್ಕೆ ತಪ್ಪು ಹಾಕಿದೀನಿ. ತಪ್ಪು ಬಿದ್ದೋರನ್ನ ಯಾವತ್ತೂ ಮುಂದಿನ ಕ್ಲಾಸಿಗೆ ಕಳಿಸಿಲ್ಲ."

ಕಾಲು ಗಂಟೆ ಬೇಡಿಕೊಂಡ ಮೇಲೆ ಒತ್ತಿದರು. ಫೋನಿನಲ್ಲಿ ನನಗೆ ಮಗುವಿನ ಅಳು ಕೇಳಿಸಿತು. ವಿಡಿಯೋ ಶುರುವಾಗಿತ್ತು. ಮೇಡಂ ಅಂದರು: "ತಪ್ಪಿಗೆ ಬಾಗಿಲು ತೆಗೆಯುತ್ತೆ, ಸರಿಗೆ ಜಾಗವೇ ಇಲ್ಲ. ಈಗಿನ ಕಾಲ ನೋಡ್ಕೊಂಡೇ ಮಾಡಿದಾರೆ ಕಣಪ್ಪಾ ಇದನ್ನ."

೩. ಟೀವಿಯಲ್ಲಿ ಕುಂಟಿದ ಹಸು

ಹೆಸರಘಟ್ಟದ ಹತ್ತಿರ ನನ್ನ ಗಿರಾಕಿಯೊಬ್ಬನಿದ್ದ. ಪೀಣ್ಯದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ಅಪ್ಪನ ಹೈನು. ಅವನ ಮನೆಯಲ್ಲಿ ಕಂಪ್ಯೂಟರು, ಗೇಮ್ ಪೆಟ್ಟಿಗೆ ಎರಡನ್ನೂ ಜೋಡಿಸಿ ಮುಗಿಸೋ ಹೊತ್ತಿಗೆ, ಮಾರೋಕಿಟ್ಟಿದ್ದ ಅವರ ಸೀಮೆಹಸು ನೋಡೋಕೆ ಇಬ್ಬರು ಬಂದರು. ಹಿಂದಿನ ದಿನ ಮಳೆಯಾಗಿ ಕೊಟ್ಟಿಗೆ ಸುತ್ತ ಮೊಣಕಾಲುದ್ದ ಕೆಸರು.

ಗಿರಾಕಿಗೆ ಹುಮ್ಮಸ್ಸು ಬಂತು. "ಕೆಸರಲ್ಲಿ ಯಾಕ್ ಹೋಗ್ತೀರಾ? ಸೋಫಾ ಮೇಲೆ ಕೂತ್ಕೊಳ್ಳಿ. ನಮ್ಮ ಹಸು ವಿಡಿಯೋ ತೆಗ್ದಿದೀನಿ, ಟೀವಿಲೇ ತೋರಿಸ್ತೀನಿ."

ಬಂದ ಇಬ್ಬರಲ್ಲಿ ಹಿರಿಯ, ಹಸು ವ್ಯಾಪಾರದಲ್ಲಿ ತಲೆ ನೆರೆದವನು. ಕಾಲು ಮೇಲಿಟ್ಟುಕೊಂಡು ಕೂತ. ಟೀವಿಯಲ್ಲಿ ಹಸು ಬಂತು, ದೊಡ್ಡದಾಗಿ, ಹೊಳೆಯುತ್ತ. ಆದರೆ ಅವರದ್ದು ಓಬೀರಾಯನ ಕಾಲದ ಕಂಪ್ಯೂಟರು. ವಿಡಿಯೋ ತಡವರಿಸಿಕೊಂಡು ಬರುತ್ತಿತ್ತು. ಹಸು ಮುಂಗಾಲು ಎತ್ತೋದು, ಎತ್ತಿದ ಕಾಲು ಗಾಳಿಯಲ್ಲೇ ನಿಲ್ಲೋದು, ಆಮೇಲೆ ದಡಕ್ಕನೆ ಕೆಳಗೆ. ಮತ್ತೆ ಎತ್ತೋದು, ನಿಲ್ಲೋದು, ದಡಕ್.

ಹಿರಿಯ ಮುಂದೆ ಬಾಗಿದ. "ಕುಂಟ್ತೈತಲ್ಲಪ್ಪಾ."

ಗಿರಾಕಿಯ ಅಪ್ಪ ಬಾಗಿಲಲ್ಲೇ ನಿಂತು ಉರಿದುಬಿದ್ದರು. "ನನ್ನ ಅಸಾನಾ? ಕುಂಟೋದಾ? ಊರೆಲ್ಲ ಓಡಾಡ್ಕೊಂಡ್ ಬತ್ತೈತೆ ಅದು!"

ನಾನು ನಡುವೆ ಬಾಯಿ ಹಾಕಿದೆ. "ಯಜಮಾನ್ರೇ, ಹಸು ಕುಂಟ್ತಿಲ್ಲ, ಕಂಪ್ಯೂಟರ್ ಕುಂಟ್ತಿದೆ."

ಹಿರಿಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದಲ್ಲಾಳಿನಾ ನೀವು?"

ಕೊನೆಗೆ ಅಪ್ಪ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು, ಹಸುವನ್ನೇ ಬಾಗಿಲಿಗೆ ಹಿಡಿದು ತಂದರು. ಅಂಗಳದಲ್ಲಿ ಮೂರು ಸುತ್ತು ನಡೆಸಿದರು. ಮದುವಣಗಿತ್ತಿ ಥರ ನಡೆಯಿತು ಹಸು. ಕಿರಿಯನಿಗೆ ಒಪ್ಪಿಗೆಯಾಯಿತು. ಹಿರಿಯ ಮಾತ್ರ ತಲೆ ಅಲ್ಲಾಡಿಸಿದ. "ಇಲ್ಲೇನೋ ನೆಟ್ಟಗೆ ನಡೀತೈತೆ. ಆದ್ರೆ ಟೀವಿಯೋರು ಸುಮ್‌ಸುಮ್ಕೆ ಇಂಗೆ ತೋರುಸ್ತಾರಾ?"

೪. ಮೇಲಿನ ಮನೆಯ ಹೆಸರು

ಆರ್.ಟಿ. ನಗರದಲ್ಲಿ ಕೆಳಗೆ ಓನರ್, ಮೇಲೆ ಬಾಡಿಗೆಯವರು. ಇಬ್ಬರಿಗೂ ಒಂದೇ ವೈಫೈ. ಮೇಲಿನ ಮನೆಯ ಗಂಡ ಹೆಂಡತಿಗೆ ಆರು ತಿಂಗಳ ಹಿಂದೆ ನಾನೇ ಇದೆಲ್ಲ ಜೋಡಿಸಿಕೊಟ್ಟಿದ್ದೆ. "ಕಂಪ್ಯೂಟರಿಗೆ ಒಂದು ಹೆಸರು ಕೊಡಬೇಕು, ನಿಮಗೆ ಇಷ್ಟ ಬಂದದ್ದು ಇಡಿ" ಅಂತ ಹೇಳಿ ಬಂದಿದ್ದೆ. ಅವರು ಏನಿಟ್ಟರು ಅಂತ ನಾನು ನೋಡಲಿಲ್ಲ.

ಮೇಲಿನವರ ಟೀವಿ ನೋಡಿ ಓನರಿಗೂ ಆಸೆಯಾಯಿತು. ಕೆಳಗೂ ಜೋಡಿಸಿದೆ. ಓನರು, ಅವರ ಹೆಂಡತಿ, ಊರಿಂದ ಬಂದ ಭಾವಮೈದ, ಎಲ್ಲರೂ ಟೀವಿ ಮುಂದೆ. ಗೇಮ್ ಪೆಟ್ಟಿಗೆ ವೈಫೈಯಲ್ಲಿರೋ ಕಂಪ್ಯೂಟರುಗಳನ್ನೆಲ್ಲ ಹುಡುಕಿ ಸಾಲಾಗಿ ಹೆಸರು ತೋರಿಸುತ್ತೆ. ಮೊದಲು ಓನರ್ ಮಗನ ಕಂಪ್ಯೂಟರಿನ ಹೆಸರು ಬಂತು. ಅದರ ಕೆಳಗೆ, ದಪ್ಪ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, "ಓನರ್ ಕಂಜೂಸ್".

ಓನರು ಕನ್ನಡಕ ಒರೆಸಿ ಮತ್ತೆ ಓದಿದರು.

"ಇದ್ಯಾವ್ದ್ರೀ ಕಂಪನಿ?"

"ಅದು... ಹೊರಗಡೆದು ಸರ್."

"ಹೊರಗಡೆದು ನಮ್ಮ ವೈಫೈಯಲ್ಲಿ ಹೆಂಗೆ ಬರುತ್ತೆ?"

ಅಷ್ಟರಲ್ಲಿ ಭಾವಮೈದ ಆ ಹೆಸರಿನ ಮೇಲೆ ಗುಂಡಿ ಒತ್ತಿಬಿಟ್ಟ. ಪರದೆ ತುಂಬ ಮೇಲಿನ ಮನೆಯವರ ಮದುವೆ ಫೋಟೋ. ಅದೇ ಗಳಿಗೆಗೆ ಮೇಲಿನ ಮನೆಯ ಗಂಡ ಬಕೆಟ್ ಹಿಡಿದು ಬಾಗಿಲಿಗೆ ಬಂದ. "ಸರ್, ನೀರು ನಿಂತೋಯ್ತು, ಇನ್ನೊಂದು ಹತ್ತು ನಿಮಿಷ ಮೋಟರ್..." ಅಂದವನು ಟೀವಿಯಲ್ಲಿ ತನ್ನ ಮುಖ ನೋಡಿ ಅಲ್ಲೇ ಕಲ್ಲಾದ. ನೀರಿನ ಮೋಟರನ್ನು ಓನರು ಬೆಳಿಗ್ಗೆ ಇಪ್ಪತ್ತೇ ನಿಮಿಷ ಬಿಡುತ್ತಿದ್ದರಂತೆ. ಜಿಪುಣ ಅನ್ನೋ ಆ ಹೆಸರಿನ ಮೂಲ ಅದೇ.

ಮನೆ ಖಾಲಿ ಮಾಡಿಸ್ತಾರೆ ಅಂತ ಅವನಿಗೂ ನನಗೂ ಖಾತ್ರಿಯಾಯಿತು. ಓನರು ಬಾಯಿ ತೆರೆಯೋದಕ್ಕೆ ಮುಂಚೆ ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗೋಕೆ ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಅಂದರು: "ಬಾಡಿಗೆಗೆ ಬಂದು ಒಂದು ವರ್ಷಕ್ಕೇ ಕಂಡುಹಿಡಿದಿಯಲ್ಲಪ್ಪಾ! ನನಗೆ ಮೂರು ವರ್ಷ ಬೇಕಾಯ್ತು."

ಮರುದಿನದಿಂದ ಮೋಟರು ಮುಕ್ಕಾಲು ಗಂಟೆ. ಮೇಲಿನ ಮನೆಯ ಕಂಪ್ಯೂಟರಿಗೆ ನಾನೇ ಬೇರೆ ಹೆಸರಿಟ್ಟು ಬಂದೆ: "ಓನರ್ ದೇವರು".

೫. ಹೆಬ್ಬಾಳದಲ್ಲಿ ಸಿಕ್ಕಿಕೊಂಡ ಭಟ್ಟರು

ಯಲಹಂಕ ನ್ಯೂಟೌನಿನಲ್ಲಿ ನನಗೆ ಪರಿಚಯದ ಅಜ್ಜ ಅಜ್ಜಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಜ್ಜನಿಗೆ ಎಪ್ಪತ್ತೈದು, ಅಜ್ಜಿಗೆ ಎಪ್ಪತ್ತು. ಮಕ್ಕಳು, ಸೊಸೆಯಂದಿರು, ನೆರೆಹೊರೆಯವರು ಸೇರಿ ಹಾಲ್ ತುಂಬಿತ್ತು. ನನಗೂ ಊಟಕ್ಕೆ ಕರೆ ಬಂದಿತ್ತು.

ಒಳ್ಳೇ ಮುಹೂರ್ತ ಹತ್ತೂವರೆಯೊಳಗೆ. ಹತ್ತಾದರೂ ಭಟ್ಟರಿಲ್ಲ. ಫೋನ್ ಮಾಡಿದರೆ, "ಹೆಬ್ಬಾಳ ಫ್ಲೈಓವರ್ ಮೇಲಿದೀನಿ. ಗಾಡಿ ಹಿಂದಕ್ಕೂ ಹೋಗ್ತಿಲ್ಲ, ಮುಂದಕ್ಕೂ ಬರ್ತಿಲ್ಲ" ಅಂದರು. ಅಜ್ಜಿ ಅಳೋ ಹಾಗಾದರು. ಮೂರು ವರ್ಷದ ಹರಕೆಯಂತೆ, ಮುಹೂರ್ತ ತಪ್ಪಿಸೋ ಹಾಗಿಲ್ಲ.

ಆಗ ಹಿರಿಮಗನಿಗೆ ನೆನಪಾಯಿತು. ಎಲ್ಲ ಪೂಜೆ, ಶುಭಕಾರ್ಯಗಳೂ ಒಂದೇ ಡಿಸ್ಕಿನಲ್ಲಿ ಅಂತ ಯಾರೋ ಕೊಟ್ಟದ್ದು ಕಂಪ್ಯೂಟರಿನಲ್ಲಿತ್ತು. ಯಾವ ಮಂತ್ರಕ್ಕೆ ಏನು ಮಾಡಬೇಕು ಅಂತ ನಡುನಡುವೆ ಪುರೋಹಿತರೊಬ್ಬರು ಕನ್ನಡದಲ್ಲೇ ಹೇಳುತ್ತಾರೆ. ಕಂಪ್ಯೂಟರು ಮಹಡಿ ಮೇಲೆ, ಗೇಮ್ ಪೆಟ್ಟಿಗೆ ಹಾಲ್‌ನಲ್ಲಿ. ಎಲ್ಲರೂ ನನ್ನ ಮುಖ ನೋಡಿದರು. ಐದು ನಿಮಿಷದಲ್ಲಿ ಟೀವಿಯಿಂದ ಗಂಭೀರವಾದ ದನಿ ಬಂತು: "ದಂಪತಿಗಳು ಮಣೆಯ ಮೇಲೆ ಕುಳಿತುಕೊಳ್ಳತಕ್ಕದ್ದು."

ಅಜ್ಜ ಅಜ್ಜಿ ಕೂತರು. ದೀಪ ಹಚ್ಚಿದ್ದಾಯಿತು, ಗಣಪತಿ ಪೂಜೆ ಆಯಿತು. "ಬಲಗೈಯಲ್ಲಿ ನೀರನ್ನು ತೆಗೆದುಕೊಂಡು..." ಅಂದಿತು ಟೀವಿ, ಅಲ್ಲಿಗೆ ನಿಂತುಹೋಯಿತು. ಅಜ್ಜ ಕೈಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿ ಕಾದರು. ನೀರು ಬೆರಳ ಸಂದಿಯಿಂದ ಪಂಚೆಗೆ ಇಳಿಯಿತು. ಮತ್ತೆ ಹಿಡಿದರು. ಅಡುಗೆಮನೆಯಲ್ಲಿ ಕಿರಿ ಸೊಸೆ ಮೈಕ್ರೋವೇವಿನಲ್ಲಿ ಹಾಲು ಬಿಸಿ ಮಾಡುತ್ತಿದ್ದರು. ಅದು ಓಡಿದರೆ ಕೆಲವು ಮನೆಯಲ್ಲಿ ವೈಫೈ ಕೈಕೊಡುತ್ತೆ. ನಾನು ಓಡಿಹೋಗಿ ಅದನ್ನು ನಿಲ್ಲಿಸಿದೆ. ಅಷ್ಟರಲ್ಲಿ ಟೀವಿ ಮತ್ತೆ ಮಂತ್ರ ಶುರುಮಾಡಿತು. ಎಲ್ಲರಿಗೂ ಸಮಾಧಾನ. ಹಾಳಾದ ಗೇಮ್ ಪೆಟ್ಟಿಗೆ ನಿಂತ ಪೂಜೆಯನ್ನು ಬಿಟ್ಟು ಪಟ್ಟಿಯಲ್ಲಿ ಮುಂದಿನದಕ್ಕೆ ಹಾರಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ, ನನಗೂ. ಸಂಸ್ಕೃತ ತಾನೇ, ಎಲ್ಲ ಒಂದೇ ಥರ ಕೇಳುತ್ತಿತ್ತು.

"ಈಗ ಪತ್ನಿಯ ಬಲಗೈಯನ್ನು ಹಿಡಿಯತಕ್ಕದ್ದು."

ಅಜ್ಜ ಹಿಡಿದರು. ಅಜ್ಜಿ ಮೆಲ್ಲಗೆ, "ಏನ್ರೀ ಇದು, ಎಲ್ರೂ ನೋಡ್ತಿದಾರೆ" ಅಂದರು. "ಸುಮ್ನಿರೇ, ಪೂಜೆ ಮಧ್ಯೆ ಮಾತಾಡ್ಬಾರ್ದು."

"ಈಗ ಇಬ್ಬರೂ ಎದ್ದು ಜೊತೆಯಾಗಿ ಏಳು ಹೆಜ್ಜೆ ಇಡತಕ್ಕದ್ದು."

ಅಜ್ಜಿಗೆ ಮಂಡಿ ನೋವು. ಅಜ್ಜ ಕೈ ಬಿಡದೆ ಹುಷಾರಾಗಿ ನಡೆಸಿದರು. ಹಾಲ್ ಚಿಕ್ಕದು, ಏಳನೇ ಹೆಜ್ಜೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಬಂತು. ನೆರೆಮನೆಯವರೊಬ್ಬರು, "ನಮ್ಮ ಕಡೆ ಸತ್ಯನಾರಾಯಣ ಪೂಜೆಗೆ ಇದೆಲ್ಲ ಇಲ್ಲಪ್ಪ" ಅಂದರು. "ಇದು ದೊಡ್ಡ ಪದ್ಧತಿ ಇರಬೇಕು" ಅಂದ ಹಿರಿಮಗ.

ಆಗ ಟೀವಿ ದನಿ ಎತ್ತರಿಸಿತು: "ನೆರೆದಿರುವ ಸಮಸ್ತರೂ ನೂತನ ವಧೂವರರಿಗೆ ಅಕ್ಷತೆ ಹಾಕಿ ಹರಸತಕ್ಕದ್ದು!" ಹಿಂದೆಯೇ ಗಟ್ಟಿಮೇಳ.

ಕೈಯಲ್ಲಿ ಅಕ್ಷತೆ ಹಿಡಿದು ಕಾಯುತ್ತಿದ್ದ ಜನ ಅರ್ಥವಾಗೋದಕ್ಕೆ ಮುಂಚೆಯೇ ಎಸೆದುಬಿಟ್ಟರು. ಆಮೇಲೆ ಮನೆ ಹಾರಿಹೋಗೋ ಹಾಗೆ ನಗು. ಆ ನಗುವಿನ ಮಧ್ಯೆ ಹೆಲ್ಮೆಟ್ ಹಾಕಿಕೊಂಡೇ ಭಟ್ಟರು ಒಳಗೆ ಬಂದರು. ತಲೆತುಂಬ ಅಕ್ಷತೆ ಹೊತ್ತು ಕೈಕೈ ಹಿಡಿದು ನಿಂತ ಅಜ್ಜ ಅಜ್ಜಿಯನ್ನೂ ಟೀವಿಯನ್ನೂ ನೋಡಿ, "ನಾನು ಬರೋದ್ರೊಳಗೆ ಮದುವೇನೇ ಮುಗಿಸಿಬಿಟ್ರಾ?" ಅಂದರು.

ಅಜ್ಜಿ ನಗಲಿಲ್ಲ. "ಭಟ್ರೇ, ಇದು ಲೆಕ್ಕಕ್ಕೆ ಬರುತ್ತಾ?"

"ಕೈ ಹಿಡಿದಾಯ್ತು, ಏಳು ಹೆಜ್ಜೆ ಇಟ್ಟಾಯ್ತು. ಬರದೇ ಏನು ತಾಯಿ?"

ಅಜ್ಜಿ ನೆಟ್ಟಗೆ ಹೋಗಿ ಸೋಫಾ ಮೇಲೆ ಕೂತು, ಸೀರೆ ಸರಿಮಾಡಿಕೊಂಡು, ಅಜ್ಜನ ಕಡೆ ತಿರುಗಿದರು. "ಹಾಗಾದ್ರೆ ನಾನೀಗ ಹೊಸ ಮದುವಣಗಿತ್ತಿ. ಇವತ್ತು ಅಡುಗೆಮನೆಗೆ ಕಾಲಿಡಲ್ಲ. ಭಟ್ರು ಬಿಸಿಲಲ್ಲಿ ಬಂದಿದಾರೆ, ಕಾಫಿ ನೀವೇ ಮಾಡ್ಕೊಂಡ್ ಬನ್ನಿ."

ಸೊಸೆಯಂದಿರು ಏಳಹೋದರು. ಅಜ್ಜಿ ಕೈ ಅಡ್ಡ ಹಿಡಿದರು. ಅಜ್ಜ ಎಲ್ಲರ ಮುಖ ನೋಡಿ, ಬೇರೆ ದಾರಿ ಕಾಣದೆ ಒಳಗೆ ಹೋದರು. ಡಬ್ಬಿ ಡಬ್ಬಿ ತೆಗೆಯೋ ಸದ್ದಾಯಿತು. ಆಮೇಲೆ ಅಡುಗೆಮನೆಯಿಂದ ಕೂಗು ಬಂತು.

"ಲೇ, ಸಕ್ಕರೆ ಎಲ್ಲಿಟ್ಟಿದೀಯೇ?"

ಅಜ್ಜಿ ಕೂತಲ್ಲಿಂದಲೇ ಹೇಳಿದರು: "ನನಗೇನ್ ಗೊತ್ತು ರೀ? ನಾನು ಈ ಮನೆಗೆ ಹೊಸಬಳು."