ಫೋಟೊ ಅಂದ್ರ ಫೈಲ್ ಅಲ್ಲ

ಕಲಿಸುವವರಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ಹಾಗೆನ್ನುವವರು ಒಂದು ದಿನ ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನ ನಮ್ಮ ಕಾಲೇಜಿಗೆ ಬಂದು, ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಮಕ್ಕಳನ್ನು ಒಂದೇ ಲ್ಯಾಬಿನಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ಕಲಿಸಿ ನೋಡಬೇಕು. ವಿಜ್ಞಾನದವರು ಬಟನ್ ಒತ್ತುವ ಮುಂಚೆಯೇ, ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಕೇಳುತ್ತಾರೆ. ಕಾಮರ್ಸಿನವರಿಗೆ ಲೆಕ್ಕ ತಾನಾಗಿಯೇ ಕೂಡುತ್ತದೆ ಎಂದು ತಿಳಿದ ದಿನವೇ ವಿದ್ಯಾಭ್ಯಾಸ ಮುಗಿಯುತ್ತದೆ. ಕಲಾ ವಿಭಾಗದವರು ತಲೆಬರಹಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂಬ ಚರ್ಚೆಯಲ್ಲೇ ತಾಸು ಕಳೆಯುತ್ತಾರೆ. ಫೋನಿನ ಮೇಲೆ ಕುಣಿಯುವ ಇವರ ಬೆರಳುಗಳು ಮೌಸ್ ಕಂಡೊಡನೆ ಮುದುಡಿಕೊಳ್ಳುತ್ತವೆ. ಮಾನಿಟರನ್ನೇ ಬೆರಳಿನಿಂದ ಸವರಿ, ಪುಟ ಸರಿಯದಿದ್ದರೆ "ಹ್ಯಾಂಗ್ ಆಗೇತ್ರಿ ಮ್ಯಾಡಮ್" ಎಂದು ನನಗೇ ವರದಿ ಒಪ್ಪಿಸುತ್ತಾರೆ.

ಇದನ್ನೆಲ್ಲ ಸಹಿಸಿದ್ದೆ. ಸಹಿಸಲಾಗದ್ದು ಫೋಟೊ. ಫೈಲ್ ಕಳಿಸಿ ಎಂದರೆ ಎದ್ದು ನಿಂತು, ಸ್ಕ್ರೀನಿನ ಫೋಟೊ ತೆಗೆದು ನನ್ನ ವಾಟ್ಸಾಪಿಗೆ ಕಳಿಸುತ್ತಿದ್ದರು. ಬಳೆ ಅಂಗಡಿಯವರ ಮಗ, ಬಿ.ಕಾಂ.ನ ಇಮ್ರಾನ್ ಅಂತೂ ಇಡೀ ತರಗತಿಯ ಫೋಟೊಗ್ರಾಫರ್. "ಟ್ಯೂಬ್‌ಲೈಟ್ ಸ್ಕ್ರೀನಿನ್ಯಾಗ ಹೊಳಿತೈತಿ, ಬಂದ್ ಮಾಡ್ರೋ" ಎಂದು ಲ್ಯಾಬನ್ನೇ ಸ್ಟುಡಿಯೊ ಮಾಡಿಬಿಡುತ್ತಿದ್ದ.

"ಫೋಟೊ ಅಂದ್ರ ಫೈಲ್ ಅಲ್ಲ! ರೊಟ್ಟಿ ಫೋಟೊ ನೋಡಿದ್ರ ಹೊಟ್ಟಿ ತುಂಬತೈತೇನು?" ಎಂದು ಒಂದು ದಿನ ಕೂಗಾಡಿದೆ. ತಿಕೋಂಡಿಯಿಂದ ಬಸ್ಸಿಗೆ ಬರುವ, ಬಿ.ಎ. ಇತಿಹಾಸದ ಮಹಾದೇವಿ ಮೆಲ್ಲಗೆ, "ಎಲ್ಲಾ ಕಾಣಸ್ತೈತಲ್ರಿ ಮ್ಯಾಡಮ್, ಇನ್ನೇನ್ ಬೇಕ್ರಿ?" ಎಂದಳು. ಆ ಕ್ಷಣವೇ ಹುಕುಂ ಹೊರಡಿಸಿದೆ. ಇನ್ನು ಫೋಟೊ ತೋರಿಸಿದವರಿಗೆ ಸೊನ್ನೆ.

ಪ್ರಾಜೆಕ್ಟ್ ನೋಡುವ ದಿನ ಬಂತು. ಸಾಂಗಲಿಯಿಂದ ಪರೀಕ್ಷಕರು ಬಂದರು. ಮಹಾದೇವಿ ತನ್ನೂರಿನ ಹಳೆಯ ಬಾವಿಗಳ ಬಗ್ಗೆ ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದಿದ್ದಳು. ಊರಿನ ಅಜ್ಜಂದಿರನ್ನೆಲ್ಲ ಮಾತಾಡಿಸಿ ಬಂದಿದ್ದಳು. ಅವಳ ಸರದಿ ಬಂದಾಗ ಅವಳ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ನಾನು ಮೇಜಿನಡಿ ನುಗ್ಗಿ ವೈರುಗಳನ್ನು ಅಲ್ಲಾಡಿಸಿದೆ, ಡಬ್ಬಿಗೆ ಎರಡು ಬಡಿದೆ, ಮನೆದೇವರನ್ನೂ ನೆನೆದೆ. ಇನ್ನೊಂದು ಪ್ರತಿ ಎಲ್ಲಿದೆ ಎಂದು ಪರೀಕ್ಷಕರು ಕೇಳಿದರು. ಫೋಟೊ ಬೇಡವೆಂದು ಬೈಯುವ ಭರದಲ್ಲಿ ಪ್ರತಿ ತೆಗೆದಿಡುವುದನ್ನು ಕಲಿಸಲು ನಾನೇ ಮರೆತಿದ್ದೆ. ಫೈಲ್ ಇಲ್ಲದಿದ್ದರೆ ಅಂಕವಿಲ್ಲ, ಮುಂದಿನ ವರ್ಷ ಮತ್ತೆ ಬರಲಿ ಎಂದರು ಅವರು. ಮಹಾದೇವಿಯ ಕಣ್ಣು ತುಂಬಿತು.

"ಬೈಬ್ಯಾಡ್ರಿ ಮ್ಯಾಡಮ್," ಎಂದಳು ಅವಳು, ದುಪಟ್ಟಾದ ಮರೆಯಿಂದ ಫೋನ್ ತೆಗೆಯುತ್ತ. "ನಿನ್ನಿ ಫೋಟೊ ತಗದಿಟ್ಟೀನ್ರಿ. ಎಲ್ಲಾ ಪೇಜ್ ಅದಾವ್ರಿ."

"ಫೋಟೊ ಎಂದರೆ ಫೈಲ್ ಅಲ್ಲವಲ್ಲ ಮೇಡಮ್?" ಎಂದು ಪರೀಕ್ಷಕರು ಮರಾಠಿಯಲ್ಲಿ ನನ್ನನ್ನೇ ಕೇಳಿದರು. ಇಡೀ ಲ್ಯಾಬ್ ಕಿವಿ ನಿಮಿರಿಸಿತು. ನಾನು ಗಂಟಲು ಸರಿಮಾಡಿಕೊಂಡು, ನನಗೆ ಬರುವ ಅತ್ಯಂತ ವಿನಯದ ಮರಾಠಿಯಲ್ಲಿ, "ಎಲ್ಲಾ ಕಾಣುತ್ತದಲ್ಲ ಸರ್, ಇನ್ನೇನು ಬೇಕು?" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷಕರು ಒಂದೊಂದೇ ಬಾವಿಯ ಬಗ್ಗೆ ಪ್ರಶ್ನೆ ಹಾಕಿದರು. ಮಹಾದೇವಿ ಫೋನ್ ನೋಡದೆಯೇ ಎಲ್ಲಕ್ಕೂ ಉತ್ತರಿಸಿದಳು. ಅವರು ಒಳ್ಳೆಯ ಅಂಕವನ್ನೇ ಕೊಟ್ಟರು. ನಾನೇ ಪಾಸಾದಷ್ಟು ಖುಷಿಯಾಯಿತು.

ಸಂಜೆ ಎಲ್ಲರ ಅಂಕಗಳನ್ನೂ ಟೈಪ್ ಮಾಡಿ ಪರೀಕ್ಷಕರಿಗೆ ಮೇಲ್ ಮಾಡಲು ಕುಳಿತೆ. ಲ್ಯಾಬಿನ ನೆಟ್ ಮುನಿಸಿಕೊಂಡಿತ್ತು. ಫೈಲ್ ಅಂಟಿಸಲು ಹೋದರೆ ಆ ಚಕ್ರ ತಿರುಗಿದ್ದೇ ತಿರುಗಿದ್ದು. ಅತ್ತ ಪರೀಕ್ಷಕರು ಬಸ್ ಸ್ಟ್ಯಾಂಡಿನಿಂದ ಲಗೂನ ಕಳಿಸಿ ಎಂದು ಫೋನ್ ಮೇಲೆ ಫೋನ್. ಹಿಂದೆ ಮುಂದೆ ನೋಡಿದೆ, ಯಾರೂ ಇರಲಿಲ್ಲ. ಎದ್ದು ನಿಂತು, ಫೋನ್ ತೆಗೆದು, ಉಸಿರು ಬಿಗಿಹಿಡಿದು ಸ್ಕ್ರೀನಿಗೆ ಗುರಿ ಇಟ್ಟೆ.

ಬಾಗಿಲಿನಿಂದ ಇಮ್ರಾನನ ದನಿ ಕೇಳಿಸಿತು: "ತಡೀರಿ ಮ್ಯಾಡಮ್, ಟ್ಯೂಬ್‌ಲೈಟ್ ಹೊಳಿತೈತ್ರಿ. ಬಂದ್ ಮಾಡ್ತೀನಿ."