ಆರು ಪಿಟೀಲು, ಎರಡು ರೊಟ್ಟಿ

ನನಗೆ ಹುಚ್ಚು ಹಿಡಿದಿದೆ ಎಂದು ಹಟ್ಟಿ ಚಿನ್ನದ ಗಣಿಯ ನಮ್ಮ ಕ್ವಾರ್ಟರ್ಸ್ ಸಾಲಿನವರೆಲ್ಲ ತೀರ್ಮಾನ ಮಾಡಿಯಾಗಿದೆ. ಹಿಡಿದಿದ್ದರೆ ಹಿಡಿದಿರಲಿ, ಅವರಪ್ಪನ ಗಂಟೇನು ಹೋಯಿತು? ಮಂದಿ ಒಂದೇ ಧಾರಾವಾಹಿಯನ್ನು ವರ್ಷಗಟ್ಟಲೆ ನೋಡುವುದಿಲ್ಲವೇ? ನಾನು ಒಂದೇ ಪಾಶ್ಚಾತ್ಯ ಪಿಟೀಲು ಕಾನ್ಚೆರ್ಟೊವನ್ನು ಆರು ಬೇರೆ ಬೇರೆ ರೆಕಾರ್ಡಿಂಗುಗಳಲ್ಲಿ ಕೇಳುತ್ತೇನೆ, ಅಷ್ಟೆ. ಕಾನ್ಚೆರ್ಟೊ ಅಂದರೆ ಗಾಬರಿಯಾಗಬೇಡಿ. ದೊಡ್ಡ ವಾದ್ಯಮೇಳ ಒಂದು ಕಡೆ, ಒಬ್ಬನೇ ಪಿಟೀಲಿನವ ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ.

ಈ ಚಟ ಅಂಟಿಸಿದವರು ವರ್ಗವಾಗಿ ಹೋದ ಒಬ್ಬ ಸಾಹೇಬರು. ಮನೆ ಖಾಲಿ ಮಾಡುವಾಗ ಸಿಂಫನಿಗಳ ಒಂದು ಡಬ್ಬಿ ಸೀಡಿ ನನ್ನ ಕೈಗಿಟ್ಟು ಹೋದರು. ಪಾಳಿ ಪೂರ್ತಿ ಗಣಿಯೊಳಗೆ ಡ್ರಿಲ್ಲಿನ ಗದ್ದಲ ಕೇಳಿ ಬಂದ ಕಿವಿಗೆ ಅದು ಎಣ್ಣೆ ಬಿಟ್ಟಷ್ಟು ಹಿತವಾಯಿತು. ಈಗ ಫೋನಿನಲ್ಲೇ ಹೊಸ ಹೊಸ ರೆಕಾರ್ಡಿಂಗು ಬರುತ್ತಿರುತ್ತವೆ. ಹಳಬರು ನಿಂತು ನಿಂತು ನುಡಿಸುತ್ತಿದ್ದದ್ದನ್ನು ಈ ಹೊಸಬರು ಲಿಂಗಸುಗೂರು ಬಸ್ಸು ತಪ್ಪೀತು ಅನ್ನುವಂತೆ ಓಡಿಸುತ್ತಾರೆ. ಫೋನಿಗೆ ಸ್ಪೀಕರ್ ಜೋಡಿಸಿ, ಕೂತು ಹೋಲಿಸುವುದೇ ಒಂದು ಸುಖ.

ನನ್ನ ಹೆಂಡತಿ ಶರಣಮ್ಮನಿಗೆ ಈ ಸುಖ ಅರ್ಥವಾಗಲಿಲ್ಲ. "ಆರೂ ಒಂದ ಹಾಡಲ್ರೀ? ಒಂದ್ಸಲ ಕೇಳಿದ್ರ ಸಾಕಾಗಂಗಿಲ್ಲೇನು?" ಎಂದಳು, ರೊಟ್ಟಿ ಬಡಿಯುತ್ತ.

"ನಿನ್ನ ರೊಟ್ಟಿ, ಬಾಜೂಮನಿ ಹುಲಿಗೆಮ್ಮನ ರೊಟ್ಟಿ ಒಂದ ಏನು? ಹಿಟ್ಟು ಅದ ಇದ್ರೂ ಕೈ ಬ್ಯಾರೆ," ಎಂದು ಎದೆಯುಬ್ಬಿಸಿದೆ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಹುಲಿಗೆಮ್ಮನ ರೊಟ್ಟಿ ಯಾವಾಗ ತಿಂದ್ರಿ?"

ತಿಂದಿರಲಿಲ್ಲ, ದೇವರಾಣೆ! ಆದರೆ ತಿಂದಿಲ್ಲ ಅಂದರೆ ನನ್ನ ವಾದ ಬೀಳುತ್ತದೆ, ತಿಂದೆ ಅಂದರೆ ನಾನೇ ಬೀಳುತ್ತೇನೆ. "ತಿನ್ನದಿದ್ರೇನು? ಕಣ್ಣು ಮುಚ್ಚಿ ಯಾರ ಕೈಯಿಂದು ಅಂತ ಹೇಳ್ತೀನಿ," ಅಂದುಬಿಟ್ಟೆ.

"ಹೇಳ್ರಿ ನೋಡೂಣು. ತಪ್ಪಿದ್ರ ಈ ಸ್ಪೀಕರ್ ನನ್ನ ತಮ್ಮಗ."

ಅವಳ ತಮ್ಮ ಮಸ್ಕಿಗೂ ಅವರ ಊರು ಸಂತೆಕಲ್ಲೂರಿಗೂ ನಡುವೆ ಟಂಟಂ ಆಟೊ ಓಡಿಸುತ್ತಾನೆ. ನನ್ನ ಸ್ಪೀಕರಿನ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿದೆ. ಅದು ಹೋದರೆ ನನ್ನ ಆರೂ ಪಿಟೀಲು ಹೋದ ಹಾಗೆ. ಆದರೂ "ಆಗ್ಲಿ" ಎಂದೆ.

ಮರುದಿನ ಮಧ್ಯಾಹ್ನ ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ. ಕಣ್ಣು ಮುಚ್ಚಿ ಸಾವಕಾಶ ಅಗಿದೆ. "ಮೊದಲಿಂದು ನಿಂದು. ಸಂತೆಕಲ್ಲೂರಿನ ಕೈ, ಜೋಳದ ಸೀಮಿದು. ಅಂಚು ಸೈತ ತೆಳ್ಳಗೈತಿ. ಎರಡನೇದು ಹುಲಿಗೆಮ್ಮಂದು. ಜವಳಗೇರಾದಾಕಿ, ಭತ್ತದ ಸೀಮ್ಯಾಗ ಅನ್ನ ಉಂಡು ಬೆಳದಾಳ. ಬಡಿಯೂದರಾಗ ಅವಸರ ಐತಿ," ಎಂದು ತೀರ್ಪು ಕೊಟ್ಟೆ.

"ಎರಡೂ ನಾನ ಬಡದೀನಿ," ಎಂದಳು ಶರಣಮ್ಮ. "ಎರಡನೇದು ಬಡಿಯಾಕತ್ತಾಗ ನೀವು ಚಾ ಕೇಳಿದ್ರಿ."

ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗಬೇಕಿತ್ತು. ದಿನಾ ಇಳಿಯುವವನಿಗೆ ಅದೇನು ದೊಡ್ಡದು? ನಾನು ಸೋಲೊಪ್ಪಲಿಲ್ಲ. "ನೋಡಿದೇನು? ಒಂದ ಕೈ, ಆದ್ರೂ ರೊಟ್ಟಿ ಬ್ಯಾರೆ! ಪಿಟೀಲಿನವನೂ ಅಷ್ಟ. ಅವನ ಮತ್ತೊಮ್ಮೆ ಅದನ್ನ ನುಡಿಸಿದ್ರೂ ಬ್ಯಾರೆ ಆಗತೈತಿ. ಆರು ಸಾಲಂಗಿಲ್ಲ, ಏಳು ಬೇಕು!" ಎಂದು ತಟ್ಟೆಯ ಮುಂದೆಯೇ ಗುಡುಗಿದೆ.

ಅವಳು ನಕ್ಕಳು. ಆಗಲೇ ನಾನು ಹೆದರಬೇಕಿತ್ತು. "ಖರೆ ಐತ್ರಿ. ಸ್ಪೀಕರ್ ಇಟಗೋರಿ. ಆದ್ರ ದಿನಾ ಉಣ್ಣಾಕ ಕುಂತಾಗ ನನ್ನ ರೊಟ್ಟೀದೂ ಹಿಂಗ ಬಿಡಿಸಿ ಹೇಳಬೇಕು. ಇಷ್ಟ ವರ್ಷದಾಗ ಒಂದಿನಾನೂ ಹೇಳಿಲ್ಲ ನೀವು," ಎಂದಳು. ಆ ಕೊನೆಯ ಮಾತು ನನಗೆ ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ.

ಸ್ಪೀಕರ್ ಮನೆಯಲ್ಲೇ ಇದೆ. ಏಳನೆಯ ರೆಕಾರ್ಡಿಂಗೂ ಬಂದಿದೆ, ಯಾರು ಏನೇ ಅನ್ನಲಿ ಕೇಳೇ ಕೇಳುತ್ತೇನೆ. ಆ ಪಿಟೀಲಿನವನ ಕಮಾನು ಎಲ್ಲಿ ಅವಸರಪಟ್ಟಿತು, ಎಲ್ಲಿ ತಡವರಿಸಿತು ಎಂದು ಅರ್ಧ ತಾಸು ಮಾತಾಡಬಲ್ಲೆ. ಅವನು ಇರುವುದು ಸಮುದ್ರದಾಚೆ. ಶರಣಮ್ಮ ಮಾತ್ರ ಕೈಯಲ್ಲಿ ಇಕ್ಕಳ ಹಿಡಿದು ನನ್ನ ತಟ್ಟೆಯ ಪಕ್ಕದಲ್ಲೇ ನಿಂತಿರುತ್ತಾಳೆ.

"ಹೆಂಗೈತ್ರಿ ಇವತ್ತಿಂದು? ನಿನ್ನೀದು ಛಲೋನೋ, ಇದು ಛಲೋನೋ?"

ನಾನು ತಲೆ ಎತ್ತದೆ ಹೇಳುತ್ತೇನೆ: "ಎರಡೂ ಒಂದ."